ಹಸಿರು ಶಾಯಿಯ ಸಹಿ

ಡಿಗ್ರಿ ಮುಗಿಸಿದ ವರ್ಷ ನನ್ನ ಮಾರ್ಕ್ಸ್ ಕಾರ್ಡು ನನ್ನದೇ ಅಂತ ಸಾಬೀತು ಮಾಡಬೇಕಾಗಿತ್ತು. ಅದಕ್ಕೆ ನಾನು ಸಾಲದು, ಗೆಜೆಟೆಡ್ ಅಧಿಕಾರಿಯೇ ಬೇಕು. ಮೂರು ದಿನ ಅಲೆದ ಮೇಲೆ ಸಿಕ್ಕವರು ಪಕ್ಕದೂರಿನ ಪಶುವೈದ್ಯರು. ಯಾವುದೋ ಎಮ್ಮೆಗೆ ಸೂಜಿ ಹಾಕಿ, ಕೈ ತೊಳೆದುಕೊಂಡು ಬಂದರು. ಜೇಬಿನಿಂದ ಹಸಿರು ಶಾಯಿಯ ಪೆನ್ನು ತೆಗೆದು ಐದು ಜೆರಾಕ್ಸ್ ಪ್ರತಿಗೆ ಟಪಟಪ ಸಹಿ ಹಾಕಿ ಮೊಹರು ಒತ್ತಿದರು. ಮೂಲ ಪ್ರತಿ ಕೇಳಲಿಲ್ಲ. ನನ್ನ ಮುಖ ನೋಡಲಿಲ್ಲ. ಅವರ ಕಣ್ಣು ಎಮ್ಮೆಯ ಮೇಲೇ ಇತ್ತು. ಆದರೂ ಆ ಕ್ಷಣದಿಂದ ನಾನು ಅಧಿಕೃತವಾಗಿ ನಾನಾದೆ.

ಈಗೆಲ್ಲ ನಮ್ಮ ಪ್ರತಿಗೆ ನಾವೇ ಸಹಿ ಹಾಕಿಕೊಂಡರೆ ನಡೆಯುತ್ತದೆ. ಸರ್ಕಾರವೇ ಇಷ್ಟು ಉದಾರವಾಗಿದೆ. ಸಾಹಿತ್ಯಲೋಕ ಮಾತ್ರ ಇನ್ನೂ ಹಸಿರು ಶಾಯಿ ಬಿಟ್ಟಿಲ್ಲ. ನಂಬಿಕೆ ಇಲ್ಲದಿದ್ದರೆ ಅಮೆರಿಕದ ಕಥೆಗಾರ್ತಿ ಗರ್ಟ್ರೂಡ್ ಬ್ಯಾರೋಸ್ ಬೆನೆಟ್ ಅವರನ್ನು ನೋಡಿ. ಮೊದಲ ಕಥೆ ಅಚ್ಚಾಗಿ 120 ವರ್ಷ ದಾಟಿತು. ಆಕೆ ಇನ್ನೂ ಕ್ಯೂನಲ್ಲೇ ನಿಂತಿದ್ದಾರೆ. ಗರ್ಟ್ರೂಡಮ್ಮ ಅಂತ ಕರೆಯುತ್ತೇನೆ, ಅಭ್ಯಂತರ ಇಲ್ಲ ತಾನೇ? ಇದ್ದವರೆಲ್ಲ ತಮಗೆ ತೋಚಿದ ಹೆಸರು ಇಟ್ಟಿದ್ದಾರೆ, ನನ್ನದೂ ಒಂದಿರಲಿ.

ಹುಟ್ಟಿದ್ದು 1884ರಲ್ಲಿ, ಮಿನಿಯಾಪೊಲಿಸ್‌ನಲ್ಲಿ. ಓದಿದ್ದು ಎಂಟನೇ ಕ್ಲಾಸು. ಚಿತ್ರಗಾರ್ತಿ ಆಗಬೇಕು ಅಂತ ರಾತ್ರಿ ಶಾಲೆಗೆ ಹೋದರು. ಹೊಟ್ಟೆಪಾಡಿಗೆ ಸ್ಟೆನೋ ಕೆಲಸ. ಅಂದರೆ ಹಗಲೆಲ್ಲ ಬೇರೆಯವರು ಹೇಳಿದ್ದನ್ನು ಶಾರ್ಟ್‌ಹ್ಯಾಂಡ್‌ನಲ್ಲಿ ಬರೆದುಕೊಂಡು, ಟೈಪ್ ಮಾಡಿ, ಸಹಿಗೆ ಅವರ ಮುಂದೆ ಇಡುವುದು. ಹಳೇ ಆಫೀಸು ಪತ್ರಗಳ ಎಡಮೂಲೆಯಲ್ಲಿ ನೀವು ನೋಡಿರಬಹುದು: ಹೇಳಿದವರ ಇನಿಷಿಯಲ್ಲು ದೊಡ್ಡಕ್ಷರದಲ್ಲಿ, ಒಂದು ಅಡ್ಡಗೆರೆ, ಆಮೇಲೆ ಟೈಪ್ ಮಾಡಿದವರದು ಸಣ್ಣಕ್ಷರದಲ್ಲಿ. ಯಾರೂ ಓದದ ಜಾಗ ಅದು. ತಪ್ಪಾದಾಗ ಮಾತ್ರ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಹದಿನೇಳರ ವಯಸ್ಸಿನಲ್ಲಿ ಆಕೆ ಸುಮ್ನೆ ಒಂದು ಕಥೆ ಬರೆದರು. ಪ್ರಯೋಗಶಾಲೆಯ ಹೊಸ ಧಾತುವೊಂದರಿಂದ ಸಾಧಾರಣ ಮನುಷ್ಯನಿಗೆ ಭೀಮಬಲ ಬರುವ ಕಥೆ. ಅದು ಅಚ್ಚಾದಾಗ ಸೂಪರ್‌ಮ್ಯಾನ್ ಹುಟ್ಟಲು ಇನ್ನೂ 34 ವರ್ಷ ಇತ್ತು. 1904ರ ಮಾರ್ಚ್‌ನಲ್ಲಿ 'ಆರ್ಗಸಿ' ಪತ್ರಿಕೆ ಅದನ್ನು ಅಚ್ಚು ಹಾಕಿತು. ಲೇಖಕರ ಹೆಸರು ಜಿ. ಎಂ. ಬ್ಯಾರೋಸ್. ಅಮೆರಿಕದ ಹೆಂಗಸೊಬ್ಬರು ಸ್ವಂತ ಹೆಸರಿನಲ್ಲೇ ಪ್ರಕಟಿಸಿದ ಮೊದಮೊದಲ ವೈಜ್ಞಾನಿಕ ಕಥೆ ಇದು ಅಂತ ಈಗ ಕೊಂಡಾಡುತ್ತಾರೆ. ಸ್ವಂತ ಹೆಸರು ಅಂದರೆ ಎರಡು ಇನಿಷಿಯಲ್ಲು. ಓದುವವರು ಜಾರ್ಜ್ ಅಂದುಕೊಂಡರೋ, ಜೆರಾಲ್ಡ್ ಅಂದುಕೊಂಡರೋ, ಅವರ ಇಷ್ಟ.

ಆಮೇಲೆ ಹದಿಮೂರು ವರ್ಷ ಸದ್ದಿಲ್ಲ. 1909ರಲ್ಲಿ ಮದುವೆ. ಗಂಡ ಬ್ರಿಟಿಷ್ ಪತ್ರಕರ್ತ, ನಿಧಿ ಹುಡುಕುತ್ತೇನೆ ಅಂತ ಸಮುದ್ರಕ್ಕೆ ಹೋದವನು 1910ರಲ್ಲಿ ಬಿರುಗಾಳಿಗೆ ಸಿಕ್ಕಿ ಸತ್ತ. ಫಿಲಡೆಲ್ಫಿಯಾದಲ್ಲಿ ಕೈಗೂಸಿನ ಜೊತೆ ಉಳಿದ ಆಕೆ ಮತ್ತೆ ಶಾರ್ಟ್‌ಹ್ಯಾಂಡ್ ಪೆನ್ಸಿಲ್ ಹಿಡಿದರು. ಮುಂದೆ ಅಪ್ಪ ಹೋದರು. ಅಮ್ಮ ಹಾಸಿಗೆ ಹಿಡಿದರು. ರೋಗಿಯನ್ನು ಬಿಟ್ಟು ಆಫೀಸಿಗೆ ಹೋಗುವುದು ಕಷ್ಟ, ಸಂಬಳ ಬಿಟ್ಟು ಬದುಕುವುದು ಇನ್ನೂ ಕಷ್ಟ. ಮನೆಯಲ್ಲೇ ಕೂತು ದುಡಿಯಲು ಒಂದು ದಾರಿ ಕಂಡಿತು: ಪಲ್ಪ್ ಪತ್ರಿಕೆಗಳಿಗೆ ಕಥೆ ಮಾರುವುದು.

ಪಲ್ಪ್ ಅಂದರೆ ಮರದ ತಿರುಳು. ಅಗ್ಗದ ಕಾಗದ, ಒರಟು ಅಂಚು, ಹತ್ತು ಸೆಂಟಿನ ಪತ್ರಿಕೆ. ಕೆಲವೇ ವರ್ಷದಲ್ಲಿ ಹಾಳೆ ಹಳದಿಯಾಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ನಮ್ಮಲ್ಲಿ ಪತ್ತೇದಾರಿ ಕಾದಂಬರಿಯನ್ನು ಸಮಾಜ ವಿಜ್ಞಾನದ ಪುಸ್ತಕದೊಳಗೆ ಇಟ್ಟುಕೊಂಡು ಓದಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಎಲ್ಲರೂ ಓದುತ್ತಾರೆ, ಓದಿದ್ದೇನೆ ಅಂತ ಯಾರೂ ಹೇಳುವುದಿಲ್ಲ. ಅಂಥ ಸಾಹಿತ್ಯ.

1917ರಲ್ಲಿ 'ಆಲ್-ಸ್ಟೋರಿ ವೀಕ್ಲಿ' ಆಕೆಯ ಕಥೆ ತೆಗೆದುಕೊಂಡಿತು. ಆಕೆ ಕೇಳಿದ್ದು ಜೀನ್ ವೇಲ್ ಎಂಬ ಕಾವ್ಯನಾಮ. ಸಂಪಾದಕ ರಾಬರ್ಟ್ ಡೇವಿಸ್ ಅದನ್ನು ಬದಿಗಿಟ್ಟು ತಾವೇ ಒಂದು ಹೆಸರು ಇಟ್ಟರು: ಫ್ರಾನ್ಸಿಸ್ ಸ್ಟೀವನ್ಸ್. ಹಸು ಕೊಂಡವನು ಗೌರಿಯನ್ನು ಲಕ್ಷ್ಮಿ ಅಂತ ಕರೆದಂತೆ. ಅದೂ ಪರವಾಗಿಲ್ಲ, ಇಲ್ಲಿ ಗೌರಿಯನ್ನು ಬಸವ ಅಂದರು. ಇಂಗ್ಲಿಷಿನಲ್ಲಿ ಫ್ರಾನ್ಸಿಸ್ ಎಂಬ ಹೆಸರನ್ನು ಎರಡು ಥರ ಬರೆಯುತ್ತಾರೆ. ಕೊನೆಯ ಸ್ವರ 'ಐ' ಆಗಿದ್ದರೆ ಗಂಡು, 'ಇ' ಆಗಿದ್ದರೆ ಹೆಣ್ಣು. ಡೇವಿಸ್ ಆರಿಸಿದ್ದು 'ಐ'. ಕಥೆ ಓದುಗರಿಗೆ ಹಿಡಿಸಿತು. ಹೆಸರು ಅಂಟಿಕೊಂಡಿತು.

ಇದೇ ಕಥೆ ಕನ್ನಡದಲ್ಲಿ ನಡೆದಿದ್ದರೆ? ನಮ್ಮ ಲಿಪಿಯಲ್ಲಿ ಎರಡೂ ಫ್ರಾನ್ಸಿಸ್ಸೇ. "ಬರೆದನು, ಬರೆದಳು" ಎಂಬ ತೊಡಕು ಬಂದರೆ ಮರ್ಯಾದೆಯಿಂದ "ಬರೆದಿದ್ದಾರೆ" ಅಂದುಬಿಟ್ಟರೆ ಆಯಿತು, ಗುಟ್ಟು ಗುಟ್ಟಾಗೇ ಉಳಿಯುತ್ತದೆ. ಗೌರವ ಕೊಟ್ಟ ಹಾಗೂ ಆಯಿತು, ವಿಷಯ ಮುಚ್ಚಿಟ್ಟ ಹಾಗೂ ಆಯಿತು. ಎರಡನ್ನೂ ಒಂದೇ ಪ್ರತ್ಯಯದಲ್ಲಿ ಮಾಡುವ ಭಾಷೆ ನಮ್ಮದು.

ಇನ್ನು ಆ ಕಥೆಗಳು. 1917ರಿಂದ 1923ರವರೆಗೆ, ಇಷ್ಟೇ ಆಕೆಯ ಕಾಲ. 'ದಿ ಸಿಟಡೆಲ್ ಆಫ್ ಫಿಯರ್' ಎಂಬ ಧಾರಾವಾಹಿಯಲ್ಲಿ ಮೆಕ್ಸಿಕೋದ ಒಂದು ಮರೆತ ನಗರ, ಅಲ್ಲಿನ ಹಳೆಯ ದೇವರುಗಳ ಜಗಳ. 'ಕ್ಲೇಮ್ಡ್'ನಲ್ಲಿ ಒಂದು ಹಸಿರು ಪೆಟ್ಟಿಗೆ. ಅದನ್ನು ಕೊಂಡ ಶ್ರೀಮಂತ ಮುದುಕನ ಮನೆಗೆ, ನನ್ನ ವಸ್ತು ಕೊಡು ಅಂತ ಸಮುದ್ರವೇ ಬಂದು ನಿಲ್ಲುತ್ತದೆ. ಸಾಲ ವಸೂಲಿಗೆ ಬಂದವರ ಹಾಗೆ. 'ಫ್ರೆಂಡ್ ಐಲ್ಯಾಂಡ್'ನಲ್ಲಿ ಹೆಂಗಸರೇ ಆಳುವ ಭವಿಷ್ಯದಲ್ಲಿ ಒಬ್ಬ ಮುದುಕಿ ನಾವಿಕಳು ತನ್ನ ಕಥೆ ಹೇಳುತ್ತಾಳೆ. ಅವಳು ಸಿಕ್ಕಿಬಿದ್ದ ದ್ವೀಪಕ್ಕೆ ಜೀವ ಇದೆ. ಅವಳು ಖುಷಿಯಾಗಿದ್ದರೆ ದ್ವೀಪವೂ ಖುಷಿ, ಅವಳು ಬೇಸರಗೊಂಡರೆ ಅದಕ್ಕೂ ಬೇಸರ. ಅಲ್ಲಿಗೆ ಒಬ್ಬ ಗಂಡಸು ಬಂದು ಬಾಯಿಗೆ ಬಂದಂತೆ ಬೈಯುತ್ತಾನೆ. ದ್ವೀಪ ಸಿಡಿಯುತ್ತದೆ. 1918ರ ಕಥೆ ಇದು, ಅಮೆರಿಕದ ಉದ್ದಗಲಕ್ಕೂ ಹೆಂಗಸರಿಗೆ ಓಟು ಸಿಗಲು ಇನ್ನೂ ಎರಡು ವರ್ಷ ಇತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ದಿ ಹೆಡ್ಸ್ ಆಫ್ ಸೆರ್ಬರಸ್'. 1919ರಲ್ಲಿ 'ದಿ ಥ್ರಿಲ್ ಬುಕ್' ಎಂಬ ಪತ್ರಿಕೆಯಲ್ಲಿ ಬಂತು. ಹದಿನಾರೇ ಸಂಚಿಕೆಗೆ ಕಣ್ಣು ಮುಚ್ಚಿದ ಪತ್ರಿಕೆ ಅದು, ಆಕೆಯ ಅದೃಷ್ಟಕ್ಕೆ ತಕ್ಕ ಹಾಗೇ ಇತ್ತು. ಒಂದು ಬಗೆಯ ಬೂದು ಪುಡಿ ಮೂಸಿದವರು 2118ನೇ ಇಸವಿಯ ಫಿಲಡೆಲ್ಫಿಯಾಕ್ಕೆ ಹೋಗಿ ಬೀಳುತ್ತಾರೆ. ಅಲ್ಲಿ ಸಾಮಾನ್ಯ ಜನರಿಗೆ ಹೆಸರೇ ಇಲ್ಲ, ಬರೀ ನಂಬರು. ನಂಬರಿನ ಬಿಲ್ಲೆ ಇಲ್ಲದೆ ಓಡಾಡುವುದೇ ಅಪರಾಧ. ಮೇಲಿನವರಿಗೆ ಮಾತ್ರ ಬಿರುದು: ಅತಿ ಸುಂದರಿ, ಅತಿ ಚುರುಕಿನವ, ಅತಿ ಬಲಶಾಲಿ. ಬಿರುದಿಗೆ ನಾಮಕಾವಾಸ್ತೆ ಒಂದು ಸ್ಪರ್ಧೆ ಇರುತ್ತದೆ. ಯಾರು ಗೆಲ್ಲಬೇಕು ಅನ್ನುವುದು ಮೇಲಿನವರಿಗೆ ಮೊದಲೇ ಗೊತ್ತಿರುತ್ತದೆ. ನಮ್ಮ ಪ್ರಶಸ್ತಿ ಸಮಿತಿಗಳ ಬಗ್ಗೆ ನಾನೇನೂ ಹೇಳಿಲ್ಲ, ನೀವೇ ಏನೋ ಅಂದುಕೊಂಡು ನಕ್ಕಿರಿ.

ಹೆಸರು ಕಳೆದುಕೊಂಡ ಜನರ ಊರನ್ನು ಬರೆದ ಆಕೆಗೆ ಆ ಹೊತ್ತಿಗೆ ಸ್ವಂತ ಹೆಸರು ಪತ್ರಿಕೆಯಲ್ಲಿ ಇರಲಿಲ್ಲ. ಇದನ್ನು ಯಾರಾದರೂ ಕಥೆಯಲ್ಲಿ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆ.

ಈಗ ಅಟೆಸ್ಟೇಷನ್ ವಿಚಾರಕ್ಕೆ ಬರೋಣ. ಫ್ರಾನ್ಸಿಸ್ ಸ್ಟೀವನ್ಸ್ ಎಂಬುದು ಕಾವ್ಯನಾಮ ಎಂಬ ಗುಮಾನಿ ಓದುಗರಿಗೆ ಬಂತು. ಅಲ್ಲಿಯವರೆಗೆ ಸರಿ. ಹಾಗಾದರೆ ಬರೆದವರು ಯಾರು? ಅಷ್ಟು ಚೆನ್ನಾಗಿ ಬರೆಯಬೇಕಾದರೆ ಅದು ಎ. ಮೆರಿಟ್ಟೇ ಇರಬೇಕು ಅಂತ ತೀರ್ಮಾನಿಸಿದರು. ಆಗಿನ ಅದ್ಭುತ ಕಥೆಗಳ ದೊಡ್ಡ ಹೆಸರು ಮೆರಿಟ್. ಒಳ್ಳೆಯ ಊಹೆ, ಕ್ಯಾಲೆಂಡರ್ ಒಂದು ಅಡ್ಡ ಬರುತ್ತದೆ ಅಷ್ಟೇ. ಸ್ಟೀವನ್ಸ್ ಹೆಸರಿನ ಮೊದಲ ಕಥೆ ಬಂದದ್ದು 1917ರ ಏಪ್ರಿಲ್‌ನಲ್ಲಿ. ಮೆರಿಟ್‌ನ ಮೊಟ್ಟಮೊದಲ ಕಥೆ ಬಂದದ್ದು ಅದೇ ವರ್ಷದ ನವೆಂಬರ್‌ನಲ್ಲಿ, ಅದೇ ಪತ್ರಿಕೆಯಲ್ಲಿ. ಅಂದರೆ ಆ ಮಹಾನುಭಾವ ತಾನಿನ್ನೂ ಲೇಖಕನಾಗುವ ಮೊದಲೇ ಕಾವ್ಯನಾಮದಲ್ಲಿ ಪ್ರಸಿದ್ಧನಾಗಿದ್ದ. ಮಗು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಗೊತ್ತು, ಇಲ್ಲಿ ಕುಲಾವಿಯೇ ಏಳು ತಿಂಗಳು ಮೊದಲು ಓಡಾಡಿಕೊಂಡಿತ್ತು.

ಈ ನಂಬಿಕೆ ಒಂದೆರಡು ವರ್ಷ ಅಲ್ಲ, 1952ರವರೆಗೆ ಉಳಿಯಿತು. ಆ ವರ್ಷ ಪ್ರಕಾಶಕ ಲಾಯ್ಡ್ ಆರ್ಥರ್ ಎಶ್‌ಬಾಕ್ 'ಸೆರ್ಬರಸ್' ಕಾದಂಬರಿಯನ್ನು ಪುಸ್ತಕವಾಗಿ ತಂದು, ಬರೆದವರು ಯಾರು ಅಂತ ಮುನ್ನುಡಿಯಲ್ಲಿ ಹೇಳಿದರು. ಮೆರಿಟ್ 1943ರಲ್ಲೇ ತೀರಿಕೊಂಡಿದ್ದರು. ಜನ ತನ್ನನ್ನು ಯಾವ ಗಂಡಸು ಅಂದುಕೊಂಡಿದ್ದರೋ, ಅವನು ಸತ್ತ ಮೇಲೂ ಗರ್ಟ್ರೂಡಮ್ಮ ಐದು ವರ್ಷ ಬದುಕಿದರು.

ಇನ್ನೊಂದು ಸಹಿಯ ಕಥೆ ಇದಕ್ಕಿಂತ ಚೆಂದ. 1919ರಲ್ಲಿ 'ಆರ್ಗಸಿ'ಗೆ ಪ್ರಾವಿಡೆನ್ಸ್ ಊರಿನ ಆಗಸ್ಟಸ್ ಸ್ವಿಫ್ಟ್ ಎಂಬ ಓದುಗ ಪತ್ರ ಬರೆದ. 'ಸಿಟಡೆಲ್' ಅನ್ನು ಮನಸಾರೆ ಹೊಗಳಿ, ಇದನ್ನು ಹೆಸರಾಂತ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಬರೆದಿದ್ದರೆ ಲೋಕ ತಲೆಯ ಮೇಲೆ ಹೊತ್ತುಕೊಳ್ಳುತ್ತಿತ್ತು ಎಂಬರ್ಥದ ಮಾತು ಹೇಳಿದ. ಪಾಪ, ಒಳ್ಳೆಯ ಮನುಷ್ಯ, ಕಾಯಿಲೆಯನ್ನು ಸರಿಯಾಗಿ ಹಿಡಿದಿದ್ದ. ಮುಂದೆ ಪಂಡಿತರ ಕೈಗೆ ಆ ಪತ್ರ ಸಿಕ್ಕಿತು. ಪ್ರಾವಿಡೆನ್ಸ್ ಅಂದರೆ ಭಯಾನಕ ಕಥೆಗಳ ದೊರೆ ಎಚ್. ಪಿ. ಲವ್‌ಕ್ರಾಫ್ಟ್‌ನ ಊರು. ಅಷ್ಟು ಚೆನ್ನಾಗಿ ಹೊಗಳಬೇಕಾದರೆ ಇವನು ಲವ್‌ಕ್ರಾಫ್ಟೇ ಇರಬೇಕು, ಸ್ವಿಫ್ಟ್ ಎಂಬುದು ಅವನ ಕಾವ್ಯನಾಮ! ಪ್ರಕಾಶಕರಿಗೆ ಹಬ್ಬ. ಆಕೆಯ ಪುಸ್ತಕಗಳನ್ನು ಲವ್‌ಕ್ರಾಫ್ಟ್ ಪ್ರಶಂಸೆಯ ಜೊತೆ ಮಾರಿದರು. ಆಮೇಲೆ ವಿಚಾರಿಸಿದರೆ, ಸ್ವಿಫ್ಟ್ ಎಂಬ ಮನುಷ್ಯ ಪ್ರಾವಿಡೆನ್ಸ್‌ನಲ್ಲಿ ನಿಜವಾಗಿಯೂ ವಾಸವಾಗಿದ್ದ. ತನ್ನ ಹೆಸರಿನಲ್ಲೇ ತನ್ನ ಪತ್ರ ಬರೆದಿದ್ದ.

ಬರೆದವಳು ಬೇರೆ ಯಾರೋ ಇರಬೇಕು, ಹೊಗಳಿದವನೂ ಬೇರೆ ಯಾರೋ ಇರಬೇಕು. ಇಡೀ ವ್ಯವಹಾರದಲ್ಲಿ ಇದ್ದವರು ಇಬ್ಬರು ಸಾಮಾನ್ಯರು, ಒಬ್ಬ ಸ್ಟೆನೋ, ಒಬ್ಬ ಓದುಗ. ಇಬ್ಬರ ಜಾಗದಲ್ಲೂ ದೊಡ್ಡ ಮನುಷ್ಯರನ್ನು ಕೂರಿಸಿದ ಮೇಲೇ ಪಂಡಿತರಿಗೆ ಸಮಾಧಾನ. ಲವ್‌ಕ್ರಾಫ್ಟ್ ಹೊಗಳಿದ ಎಂಬ ಮಾತು ಅಲ್ಲಲ್ಲಿ ಈಗಲೂ ಸುತ್ತುತ್ತಿದೆ. ಮೊಹರು ಒತ್ತುವುದು ಸುಲಭ, ತೊಳೆಯುವುದು ಕಷ್ಟ.

1920ರ ಸುಮಾರಿಗೆ ಅಮ್ಮ ತೀರಿಕೊಂಡರು. ಗರ್ಟ್ರೂಡಮ್ಮ ಬರೆಯುವುದನ್ನು ನಿಲ್ಲಿಸಿದರು. 1923ರಲ್ಲಿ 'ವಿಯರ್ಡ್ ಟೇಲ್ಸ್'ನಲ್ಲಿ ಬಂದ 'ಸನ್‌ಫೈರ್' ಕೊನೆಯದು. ಇಲ್ಲಿ ವಿಮರ್ಶಕರು ಸ್ಫೂರ್ತಿ ಬತ್ತಿತು, ಕಲಾವಿದೆಯ ಮೌನ ಅಂತೆಲ್ಲ ಬರೆಯಬಹುದು. ನನಗೆ ಕಾಣುವುದು ಇಷ್ಟೇ: ಔಷಧಿ ಖರ್ಚು ನಿಂತಿತು. ಗಂಡಸು ಬರೆಯುವುದು ಬಿಟ್ಟರೆ ಅದರ ಮೇಲೆ ಪಿಎಚ್‌.ಡಿ. ಆಗುತ್ತದೆ. ಇವರು ಕ್ಯಾಲಿಫೋರ್ನಿಯಾಕ್ಕೆ ಹೋದರು, ಅಷ್ಟೇ.

ಅಲ್ಲಿಯೂ ಒಂದು ಕೊನೆಯ ತಮಾಷೆ ಕಾದಿತ್ತು. ದೂರವಾದ ಮಗಳಿಗೆ 1939ರಲ್ಲಿ ಆಕೆಯಿಂದ ಒಂದು ಪತ್ರ ಬಂತು. ಮಗಳು ಬರೆದದ್ದು ವಾಪಸ್ ಬಂತು. ಅಲ್ಲಿಗೆ ಲೇಖಕಿ 1939ರಲ್ಲಿ ತೀರಿಕೊಂಡರು ಅಂತ ಜೀವನಚರಿತ್ರೆಗಳು ಬರೆದುಕೊಂಡವು. ಮರಣ ಪ್ರಮಾಣಪತ್ರ ಸಿಕ್ಕಾಗ ನೋಡಿದರೆ ಆಕೆ ಸತ್ತಿದ್ದು 1948ರಲ್ಲಿ! ಒಂಬತ್ತು ವರ್ಷ ಆಕೆ ದಾಖಲೆಯ ಪ್ರಕಾರ ಸತ್ತವರಾಗಿ ಬದುಕಿದರು. ಆ ಒಂಬತ್ತು ವರ್ಷದಲ್ಲೇ 'ಫೇಮಸ್ ಫೆಂಟಾಸ್ಟಿಕ್ ಮಿಸ್ಟರೀಸ್' ಥರದ ಪತ್ರಿಕೆಗಳು ಆಕೆಯ ಹಳೆಯ ಕಥೆಗಳನ್ನು ಹುಡುಕಿ ಮತ್ತೆ ಅಚ್ಚು ಹಾಕುತ್ತಿದ್ದವು. ಓದುಗರು ಫ್ರಾನ್ಸಿಸ್ ಸ್ಟೀವನ್ಸ್ ಯಾರು ಅಂತ ಚರ್ಚೆ ಮಾಡುತ್ತಿದ್ದರು. ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿನ ಕೌಂಟರ್ ಮುಂದೆ ನಿಂತು "ನಾನಿನ್ನೂ ಇದ್ದೀನಪ್ಪ" ಅನ್ನುವ ನಮ್ಮ ಪಿಂಚಣಿದಾರರಿಗೆ ಈ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. ಅವರಿಗೆ ಕೌಂಟರ್ ಆದರೂ ಇದೆ.

ಈಗ ಆಕೆಗೆ ಬಿರುದು ಸಿಕ್ಕಿದೆ: ಕರಾಳ ಫ್ಯಾಂಟಸಿಯನ್ನು, ಅಂದರೆ ಭಯ ಬೆರೆತ ಅದ್ಭುತ ಕಥೆಗಳನ್ನು, ಹುಟ್ಟುಹಾಕಿದ ಹೆಂಗಸು. ವಿದ್ವಾಂಸ ಗ್ಯಾರಿ ಹೊಪನ್‌ಸ್ಟಾಂಡ್ 2004ರ ಕಥಾಸಂಗ್ರಹಕ್ಕೆ ಬರೆದ ಪ್ರಸ್ತಾವನೆಯಲ್ಲಿ ಕೊಟ್ಟದ್ದು. ಸಂಗ್ರಹ ತಂದದ್ದು ವಿಶ್ವವಿದ್ಯಾಲಯದ ಮುದ್ರಣಾಲಯ. ಒಳ್ಳೆಯದೇ. ಅತಿ ಸುಂದರಿ, ಅತಿ ಚುರುಕಿನವ, ಅದರ ಪಕ್ಕಕ್ಕೆ ಇದೂ ಇರಲಿ. ಪುಸ್ತಕದ ಮುಖಪುಟದ ಮೇಲೆ ಲೇಖಕರ ಹೆಸರು ಮಾತ್ರ ಈಗಲೂ ಫ್ರಾನ್ಸಿಸ್ ಸ್ಟೀವನ್ಸ್, ಡೇವಿಸ್ ಸಾಹೇಬರು ಇಟ್ಟದ್ದೇ.

ಅಂದ ಹಾಗೆ, ಮೊನ್ನೆ ಟ್ರಂಕು ಖಾಲಿ ಮಾಡುವಾಗ ನನ್ನ ಮಾರ್ಕ್ಸ್ ಕಾರ್ಡಿನ ಒಂದು ಹಳೇ ಪ್ರತಿ ಸಿಕ್ಕಿತು. ಅಂಕಗಳು ಮಸುಕಾಗಿವೆ. ಹಸಿರು ಸಹಿ ಹರಡಿಕೊಂಡು ಪಾಚಿಯ ಹಾಗೆ ಆಗಿದೆ. ಮೊಹರಿನಲ್ಲಿ ವೈದ್ಯರ ಹೆಸರಿಲ್ಲ, ಊರಿಲ್ಲ, ಹುದ್ದೆಯೂ ಪೂರ್ತಿ ಇಲ್ಲ. ನನ್ನ ಹೆಸರಿನ ಪಕ್ಕದಲ್ಲಿ 'ಪಶು' ಎಂಬ ಎರಡು ಅಕ್ಷರ ಮಾತ್ರ ಸ್ಪಷ್ಟವಾಗಿ ಉಳಿದಿದೆ.