ಅಫರ್ವತ್ ಇಳಿಜಾರಿಗೆ ಏರ್‌ಬ್ಯಾಗ್ ಕಡ್ಡಾಯವಾಗಬೇಕೇ?

ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಗೊಂಡೊಲಾ ಎಂಬ ಕೇಬಲ್ ಕಾರಿನ ಎರಡನೇ ಹಂತವು ಸ್ಕೀಯರ್‌ಗಳನ್ನು ಅಫರ್ವತ್ ಪರ್ವತದಲ್ಲಿ ಸುಮಾರು 4,000 ಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತದೆ. ಸ್ಕೀ ಗಸ್ತು ತಂಡದ ನಿಗಾದಲ್ಲಿರುವ ಇಳಿಜಾರುಗಳನ್ನು ದಾಟಿ ಆಚೆಗೆ ಹೋದವರಿಗೆ ಹಿಮಕುಸಿತದ ಅಪಾಯ ತಪ್ಪಿದ್ದಲ್ಲ. 2023ರ ಫೆಬ್ರುವರಿ 1ರಂದು ಇಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬರು ಹಿಮದಡಿ ಸಿಲುಕಿ ಪ್ರಾಣ ಕಳೆದುಕೊಂಡರು. ಹೀಗಿರುವಾಗ, ಈ ಗಡಿ ದಾಟುವ ಪ್ರತಿಯೊಬ್ಬರೂ ಹಿಮಕುಸಿತದ ಏರ್‌ಬ್ಯಾಗ್ ಇರುವ ಬೆನ್ನುಚೀಲ ಧರಿಸಲೇಬೇಕೆಂದು ನಿಯಮ ಮಾಡಬೇಕೇ? ನನ್ನ ಒಲವು ವಿರೋಧದ ಕಡೆಗಿದೆ; ಆದರೂ ಪರವಾದ ವಾದವನ್ನು ಅದಕ್ಕಿರುವ ಪೂರ್ಣ ಬಲದೊಂದಿಗೇ ಮೊದಲು ಮಂಡಿಸುತ್ತೇನೆ.

ಪರ

ಹಿಮಕುಸಿತದಲ್ಲಿ ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಚಳಿಯಿಂದಲ್ಲ, ಉಸಿರುಗಟ್ಟಿ. ಸ್ವಿಟ್ಜರ್ಲೆಂಡಿನ ದಾಖಲೆಗಳ ಪ್ರಕಾರ, ಪೂರ್ತಿ ಹೂತುಹೋದವರನ್ನು ಹತ್ತು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ; ಅರ್ಧ ಗಂಟೆಯಾದರೆ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಸಿಯಾಚಿನ್‌ನಲ್ಲಿ 2016ರ ಫೆಬ್ರುವರಿ 3ರಂದು ಸುಮಾರು 25 ಅಡಿ ಹಿಮದಡಿ ಸಿಲುಕಿದ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು ಆರನೇ ದಿನ ಜೀವಂತವಾಗಿ ಸಿಕ್ಕಿದ್ದನ್ನೂ, ಫೆಬ್ರುವರಿ 11ರಂದು ಕೊನೆಯುಸಿರೆಳೆದದ್ದನ್ನೂ ಕನ್ನಡಿಗರು ಮರೆತಿಲ್ಲ. ಅಷ್ಟು ದಿನ ಜೀವ ಹಿಡಿದಿದ್ದುದು ಅಪರೂಪದಲ್ಲಿ ಅಪರೂಪ. ಬೆಟ್ಟದ ಇಳಿಜಾರಿನಲ್ಲಿ, ಅವರಿಗಿದ್ದ ಡೇರೆಯ ಆಸರೆಯೂ ಇಲ್ಲದೆ ಕೊಚ್ಚಿಹೋಗುವ ಸ್ಕೀಯರ್‌ಗೆ ಅಂಥ ಅವಕಾಶವೇ ಇರುವುದಿಲ್ಲ.

ಹೂತವರ ಜಾಗವನ್ನು ರೇಡಿಯೊ ಸಂಕೇತದಿಂದ ಪತ್ತೆಹಚ್ಚುವ ಟ್ರಾನ್ಸೀವರ್, ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು ಎಂಬ ಮೂರು ಸಾಧನಗಳೂ ಕೆಲಸಕ್ಕೆ ಬರುವುದು ಮನುಷ್ಯ ಹೂತುಹೋದ ಮೇಲೆ. ಹೂತುಹೋಗದಂತೆ ತಡೆಯುವುದು ಏರ್‌ಬ್ಯಾಗ್ ಮಾತ್ರ. ಇದರ ಮೂಲವೇ ಅನುಭವದಲ್ಲಿದೆ. ಬವೇರಿಯಾದ ಅರಣ್ಯಾಧಿಕಾರಿ ಜೋಸೆಫ್ ಹೋಹೆನೆಸ್ಟರ್ ಬೇಟೆಯ ಪ್ರಾಣಿಯನ್ನು ಬೆನ್ನ ಮೇಲೆ ಹೊತ್ತಿದ್ದಾಗ ಹಿಮಕುಸಿತಕ್ಕೆ ಸಿಲುಕಿಯೂ ತಾನು ಮೇಲೆಯೇ ಉಳಿದುದನ್ನು ಗಮನಿಸಿದರು. ಅವರ ಕಲ್ಪನೆಯ ಹಕ್ಕನ್ನು ಕೊಂಡುಕೊಂಡ ಪೀಟರ್ ಆಶಾವರ್ 1985ರಲ್ಲಿ ಮೊದಲ ಏರ್‌ಬ್ಯಾಗ್ ಚೀಲವನ್ನು ಮಾರುಕಟ್ಟೆಗೆ ತಂದರು. ಅವಲಕ್ಕಿ ಡಬ್ಬಿಯನ್ನು ಅಲುಗಿಸಿದಾಗ ಪುಡಿಯೆಲ್ಲ ತಳ ಸೇರಿ ದಪ್ಪ ಅವಲಕ್ಕಿ ಮೇಲೆ ಉಳಿಯುವಂತೆ, ಉರುಳುವ ಹಿಮದಲ್ಲಿಯೂ ಗಾತ್ರ ದೊಡ್ಡದಾದಷ್ಟೂ ವಸ್ತು ಮೇಲೆ ಬರುತ್ತದೆ. ಸುಮಾರು 150 ಲೀಟರಿನ ಚೀಲ ಕೆಲವೇ ಸೆಕೆಂಡುಗಳಲ್ಲಿ ಉಬ್ಬಿ, ಧರಿಸಿದವರನ್ನು ಹಾಗೆ ದೊಡ್ಡದಾಗಿಸುತ್ತದೆ.

ಪ್ಯಾಸ್ಕಲ್ ಹೇಗೆಲಿ ಮತ್ತು ಸಂಗಡಿಗರು ಹಲವು ದೇಶಗಳ ಅಪಘಾತಗಳನ್ನು ಹೋಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಗಂಭೀರ ಹಿಮಕುಸಿತಗಳಲ್ಲಿ ಸಾವಿನ ಪ್ರಮಾಣ ಏರ್‌ಬ್ಯಾಗ್ ಉಬ್ಬದವರಲ್ಲಿ ಶೇ 22, ಉಬ್ಬಿದವರಲ್ಲಿ ಶೇ 11. ಸಾವನ್ನು ಅರ್ಧಕ್ಕಿಳಿಸುವ ಸಾಧನ ಕೈಗೆ ಸಿಗುವಂತಿರುವಾಗ ಅದನ್ನು ವೈಯಕ್ತಿಕ ಇಚ್ಛೆಗೆ ಬಿಡುವುದು ಸರಿಯೇ? 2012ರ ಫೆಬ್ರುವರಿಯಲ್ಲಿ ಅಮೆರಿಕದ ಸ್ಟೀವನ್ಸ್ ಪಾಸ್ ಬಳಿಯ ಟನಲ್ ಕ್ರೀಕ್‌ನಲ್ಲಿ ಮೂವರು ಅನುಭವಿ ಸ್ಕೀಯರ್‌ಗಳು ಸತ್ತರು; ಅದೇ ಹಿಮದಲ್ಲಿ ಕೊಚ್ಚಿಹೋದ ಎಲೀಸ್ ಸಾಗ್‌ಸ್ಟಡ್ ಏರ್‌ಬ್ಯಾಗ್ ಉಬ್ಬಿಸಿದ್ದರಿಂದ ಮುಖವೂ ಕೈಗಳೂ ಮೇಲೆ ಕಾಣುವಂತೆ ಉಳಿದು ಬದುಕಿದರು.

ಈ ಆಯ್ಕೆ ಒಬ್ಬರ ಜೀವಕ್ಕಷ್ಟೇ ಸಂಬಂಧಿಸಿದ್ದೂ ಅಲ್ಲ. ಒಂದು ಮೀಟರ್ ಆಳದಲ್ಲಿ ಹೂತವರನ್ನು ತೆಗೆಯಲು ಟನ್ ಲೆಕ್ಕದಲ್ಲಿ ಹಿಮ ಎತ್ತಿ ಹಾಕಬೇಕಾಗುತ್ತದೆ. ಆ ಕೆಲಸಕ್ಕೆ ಮತ್ತೊಮ್ಮೆ ಕುಸಿಯಬಹುದಾದ ಇಳಿಜಾರಿಗೆ ಬರುವವರು ಅಲ್ಲಿನ ಗಸ್ತು ಸಿಬ್ಬಂದಿ ಮತ್ತು ಊರಿನ ಗೈಡ್‌ಗಳು. ಮೇಲೆ ಉಳಿದವರು ಹೂತವರನ್ನು ಅಗೆಯಬಲ್ಲರು. ಖರೀದಿಸಲಾಗದವರಿಗೆ ಗೊಂಡೊಲಾ ನಿಲ್ದಾಣದಲ್ಲೇ ಬಾಡಿಗೆಗೆ ಕೊಡಬಹುದು. ಸ್ಕೀ, ಬೂಟು, ಹೆಲ್ಮೆಟ್ಟುಗಳನ್ನು ಈಗಲೂ ಹಾಗೆಯೇ ಕೊಡುತ್ತಾರಲ್ಲ.

ವಿರೋಧ

ಆ ಅಧ್ಯಯನದಲ್ಲಿಯೇ ಇನ್ನೊಂದು ಅಂಕಿಯಿದೆ, ಮತ್ತು ಈ ಚರ್ಚೆಗೆ ಅದೇ ಹೆಚ್ಚು ಮುಖ್ಯವೆಂದು ನಾನು ಭಾವಿಸುತ್ತೇನೆ: ಏರ್‌ಬ್ಯಾಗ್ ಧರಿಸಿದ್ದ ಐವರಲ್ಲಿ ಒಬ್ಬರ ಚೀಲ ಉಬ್ಬಲೇ ಇಲ್ಲ. ಯಂತ್ರದ ದೋಷ ಅದಕ್ಕೆ ಸಣ್ಣ ಕಾರಣ. ಅರ್ಧಕ್ಕಿಂತ ಹೆಚ್ಚು ಸಲ, ಚೀಲ ಉಬ್ಬಿಸುವ ಹಿಡಿಯನ್ನು ಎಳೆಯಬೇಕಾದವರೇ ಎಳೆಯಲಿಲ್ಲ.

ಏಕೆ ಎಳೆಯಲಿಲ್ಲ ಎಂಬುದು ಚೀಲವನ್ನು ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ. ಭುಜದ ಪಟ್ಟಿಯಲ್ಲಿರುವ ಹಿಡಿಯನ್ನು ಗೊಂಡೊಲಾದಲ್ಲಿ ಎಲ್ಲಿಯಾದರೂ ಸಿಕ್ಕಿಕೊಂಡೀತೆಂದು ಜಿಪ್ ಒಳಗೆ ಸೇರಿಸಿಡುತ್ತಾರೆ. ಇಳಿಯುವ ಮೊದಲು ಹೊರತೆಗೆಯಲು ಮರೆತರೆ, ದಪ್ಪ ಕೈಗವಸಿನ ಬೆರಳು ಆ ಜಿಪ್ಪನ್ನು ಹುಡುಕುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ತೊಡೆಗಳ ನಡುವಿನಿಂದ ಹಾಯಿಸಿ ಸೊಂಟಕ್ಕೆ ಬಿಗಿಯಬೇಕಾದ ಪಟ್ಟಿಯನ್ನು ಕಿರಿಕಿರಿಯೆಂದು ಬಿಟ್ಟರೆ, ಉಬ್ಬಿದ ಚೀಲ ಮೈಯಿಂದಲೇ ಕಿತ್ತು ಹೋಗಬಹುದು. ಹಿಮ ಕಾಲ ಕೆಳಗೆ ಬಿರುಕುಬಿಟ್ಟ ಕ್ಷಣದಲ್ಲಿ ಹೆಚ್ಚಿನವರು ಮೊದಲು ಸ್ಕೀ ತಿರುಗಿಸಿ ಪಾರಾಗಲು ಯತ್ನಿಸುತ್ತಾರೆ, ಕೈ ಹಿಡಿಯತ್ತ ಹೋಗುವುದಿಲ್ಲ. ಎಳೆದು ಅಭ್ಯಾಸ ಮಾಡಿದವರಿಗಷ್ಟೇ ಅದು ತಾನಾಗಿ ಬರುತ್ತದೆ. ಆದರೆ ಅನಿಲದ ಸಿಲಿಂಡರ್ ಇರುವ ಚೀಲವನ್ನು ಒಮ್ಮೆ ಎಳೆದರೆ ಸಿಲಿಂಡರ್ ಮತ್ತೆ ತುಂಬಿಸಬೇಕು ಇಲ್ಲವೇ ಬದಲಿಸಬೇಕು, ಹಾಗಾಗಿ ಒಮ್ಮೆಯೂ ಎಳೆದು ನೋಡದವರೇ ಬಹಳ. ಬ್ಯಾಟರಿ ಫ್ಯಾನಿನಿಂದ ಉಬ್ಬುವ ಚೀಲಗಳು 2014ರ ನಂತರ ಬಂದು ಈ ತೊಡಕನ್ನು ಕಡಿಮೆ ಮಾಡಿವೆ, ನಿಜ. ಅವುಗಳ ಬೆಲೆಯೂ ಅಷ್ಟೇ ಹೆಚ್ಚು.

ಬಾಡಿಗೆಗೆ ಕೊಟ್ಟರಾಯಿತು ಎಂಬ ಮಾತು ಇಲ್ಲಿಯೇ ಸೋಲುತ್ತದೆ. ಬೆಳಿಗ್ಗೆ ಸಾಲಿನಲ್ಲಿ ನಿಂತು, ರಸೀದಿ ಪಡೆದು, ಅಪರಿಚಿತ ಚೀಲವನ್ನು ಬೆನ್ನಿಗೇರಿಸಿ ಗೊಂಡೊಲಾ ಹತ್ತಿದವರ ಬಳಿ ಸಾಧನವಿರುತ್ತದೆ, ಅದನ್ನು ಬಳಸುವ ಕೈ ಇರುವುದಿಲ್ಲ. ನಿಯಮ ಪಾಲನೆಯಾದದ್ದು ದಾಖಲೆಯಲ್ಲಿ ಕಾಣುತ್ತದೆ. ಜೀವ ಉಳಿಯುವ ಸಾಧ್ಯತೆ ಮಾತ್ರ ಅಷ್ಟರಿಂದ ಹೆಚ್ಚುವುದಿಲ್ಲ.

ಸ್ಕೀಯಿಂಗ್‌ನಲ್ಲಿ ಸುರಕ್ಷತೆಯನ್ನು ಹೆಚ್ಚಿಸಿದ ಆವಿಷ್ಕಾರಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಹ್ಯಾಲ್ಮರ್ ವಾಮ್ 1937ರಲ್ಲಿ ಕಾಲು ಮುರಿದುಕೊಂಡ ಮೇಲೆ, ಬಿದ್ದಾಗ ಬೂಟನ್ನು ತಾನಾಗಿ ಬಿಟ್ಟುಕೊಡುವ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ರೂಪಿಸಿದರು. ಮುಂದೆ ಸುಧಾರಿಸುತ್ತ ಬಂದ ಅಂಥ ಬೈಂಡಿಂಗ್‌ಗಳಿಂದ ಮೊಣಕಾಲಿನ ಕೆಳಗಿನ ಮೂಳೆ ಮುರಿತಗಳು ಬಹಳ ತಗ್ಗಿದವು. ಅದು ಸಾಧ್ಯವಾದದ್ದು ಬೈಂಡಿಂಗ್ ಇತ್ತೆಂಬುದರಿಂದ ಮಾತ್ರವಲ್ಲ. ಅಂಗಡಿಯಲ್ಲಿ ಕುಳಿತ ತಂತ್ರಜ್ಞ ಪ್ರತಿಯೊಬ್ಬರ ತೂಕ, ಎತ್ತರ, ವಯಸ್ಸು, ಕೌಶಲ ಮತ್ತು ಬೂಟಿನ ಅಟ್ಟೆಯ ಉದ್ದ ಕೇಳಿ, ಸ್ಕ್ರೂ ತಿರುಗಿಸಿ, ಎಷ್ಟು ಬಲಕ್ಕೆ ಬಿಟ್ಟುಕೊಡಬೇಕೆಂದು ಹೊಂದಿಸುತ್ತಾನೆ. ಅಷ್ಟಾದರೂ ಮೊಣಕಾಲಿನ ಅಸ್ಥಿರಜ್ಜು ಹರಿಯುವುದನ್ನು ಆ ಬೈಂಡಿಂಗ್ ತಡೆಯಲಾರದು. ಒಂದು ಗಾಯವನ್ನು ತಡೆಯುವ ಸಾಧನ ಇನ್ನೊಂದರ ಮುಂದೆ ನಿಸ್ಸಹಾಯಕ.

ಏರ್‌ಬ್ಯಾಗಿಗೂ ಆ ಮಿತಿಯಿದೆ. ಕೆನಡಾದ ಪಶ್ಚಿಮ ಭಾಗದ ಸಾವುಗಳ ಅಧ್ಯಯನದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಸಾವು ಬಂಡೆಗೋ ಮರಕ್ಕೋ ಅಪ್ಪಳಿಸಿ ಆದದ್ದು. ಕಿರಿದಾದ ಕೊರಕಲಿನಲ್ಲಿ ಹಿಮ ಮೇಲಿಂದ ಮೇಲೆ ಬಂದು ರಾಶಿಯಾದರೆ ಉಬ್ಬಿದ ಚೀಲವೂ ಅಡಿಯಲ್ಲೇ ಉಳಿಯುತ್ತದೆ. ಇಟಲಿ ಇದನ್ನೆಲ್ಲ ತೂಗಿ ನೋಡಿಯೇ ಇರಬೇಕು. 2022ರಿಂದ ಅಲ್ಲಿ ಹಿಮಕುಸಿತದ ಅಪಾಯವಿರುವೆಡೆ ಟ್ರಾನ್ಸೀವರ್, ಸಲಿಕೆ, ಪ್ರೋಬ್ ಕಡ್ಡಾಯ, ಏರ್‌ಬ್ಯಾಗ್ ಅಲ್ಲ. ಸುತ್ತಲಿನ ಹಿಮದಲ್ಲಿರುವ ಗಾಳಿಯನ್ನೇ ಎಳೆದು ಹೂತವರ ಮುಖದ ಬಳಿ ಬಿಡುವ ಪುಟ್ಟ ಫ್ಯಾನ್‌ನಂಥ ಹೊಸ ಸಾಧನಗಳೂ ಈಗ ಬರುತ್ತಿವೆ. ಇಂದು ಒಂದನ್ನು ಕಾನೂನಿನಲ್ಲಿ ಹೆಸರಿಸಿದರೆ, ನಾಳೆ ಅದಕ್ಕಿಂತ ಉತ್ತಮವಾದುದನ್ನು ಆರಿಸುವ ಜಾಣರೂ ಹಳೆಯದನ್ನೇ ಹೊರಬೇಕಾಗುತ್ತದೆ.

ಹಣದ ವಿಚಾರವನ್ನು ಮರೆಮಾಚಬೇಕಿಲ್ಲ. ಇಂಥ ಚೀಲ ಯುರೋಪಿನಲ್ಲೇ ನೂರಾರು ಯೂರೊ ಬೆಲೆಬಾಳುತ್ತದೆ. ಬೆಂಗಳೂರಿನಿಂದ ಹೊರಟವರು ಒತ್ತಡದ ಅನಿಲದ ಸಿಲಿಂಡರ್ ಒಯ್ಯಲು ವಿಮಾನ ಸಂಸ್ಥೆಯ ಅನುಮತಿಯನ್ನೂ ಪಡೆಯಬೇಕು. ಆದರೆ ನಿಯಮದ ಭಾರ ಹೆಚ್ಚಾಗಿ ಬೀಳುವುದು ಪ್ರವಾಸಿಗರ ಮೇಲಲ್ಲ, ಚಳಿಗಾಲದ ಕೆಲವೇ ವಾರ ದುಡಿಯುವ ಕಾಶ್ಮೀರಿ ಗೈಡ್‌ಗಳ ಮೇಲೆ. ಇಳಿಜಾರನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರನ್ನು ಚೀಲವಿಲ್ಲವೆಂಬ ಕಾರಣಕ್ಕೆ ಹೊರಗಿಡುವುದು ನನಗೆ ಅನ್ಯಾಯವಾಗಿಯೂ ಅಪಾಯಕಾರಿಯಾಗಿಯೂ ಕಾಣುತ್ತದೆ.

ಕಡ್ಡಾಯ ಮಾಡಲೇಬೇಕೆಂದರೆ ಟ್ರಾನ್ಸೀವರನ್ನೂ ಅದನ್ನು ಬಳಸಬಲ್ಲ ಕೌಶಲವನ್ನೂ ಕಡ್ಡಾಯ ಮಾಡಲಿ. ಆಲ್ಪ್ಸ್‌ನ ಹಲವೆಡೆ ನಿಗಾದ ಇಳಿಜಾರಿನಿಂದ ಆಚೆಗೆ ಹೋಗುವ ದಾರಿಯಲ್ಲಿ ಒಂದು ಫಲಕ ನಿಲ್ಲಿಸಿರುತ್ತಾರೆ. 457 ಕಿಲೋಹರ್ಟ್ಜ್ ಸಂಕೇತ ಹೊರಡಿಸುವ ಟ್ರಾನ್ಸೀವರ್ ಧರಿಸಿದವರು ಮುಂದೆ ಹಾದಾಗ ಅದರಲ್ಲಿ ಹಸಿರು ದೀಪ ಹೊತ್ತುತ್ತದೆ. ಅಫರ್ವತ್ ನಿಲ್ದಾಣದಲ್ಲಿಯೂ ಅಂಥದೊಂದು ನಿಲ್ಲಲಿ, ಪಕ್ಕದಲ್ಲಿ ಆ ದಿನದ ಹಿಮಕುಸಿತ ಮುನ್ಸೂಚನೆ ಹಿಂದಿ, ಇಂಗ್ಲಿಷ್, ರಷ್ಯನ್ ಭಾಷೆಗಳಲ್ಲಿ ಇರಲಿ. ಕೆಳಗಿನ ಬಯಲಿನಲ್ಲಿ ಹಿಮದಡಿ ಟ್ರಾನ್ಸೀವರ್ ಹೂತಿಟ್ಟು, ಹತ್ತು ನಿಮಿಷದೊಳಗೆ ಹುಡುಕಿ ಅಗೆದು ತೋರಿಸಿದವರಿಗೆ ಮಾತ್ರ ಎರಡನೇ ಹಂತದ ಆಚೆಗೆ ಹೋಗುವ ಚೀಟಿ ಸಿಗಲಿ.