ಒಂದು ಅಳತೆ ದೊಡ್ಡ ಶೂ

ನಮ್ಮ ಪಾದಯಾತ್ರೆಯ ತಂಡದ ಹಿರಿಯ ಹೆಂಗಸು ಆಯಿಯ ಕಾಲಲ್ಲಿದ್ದದ್ದು ಗಂಡಸರ ಕ್ಯಾನ್ವಾಸ್ ಶೂ. ಅದೂ ಅವರ ಪಾದಕ್ಕಿಂತ ಒಂದು ಅಳತೆ ದೊಡ್ಡದು. ಇಳಕಲ್ ಸೀರೆಯ ಅಂಚಿನ ಕೆಳಗೆ ಆ ಬಿಳಿ ಶೂ ಕಂಡಾಗ, ಮೊಮ್ಮಗನದ್ದನ್ನು ಹಾಕಿಕೊಂಡು ಬಂದಿದ್ದಾರೆ, ಪಾಪ, ಎಂದುಕೊಂಡೆ. ನನ್ನದು ಒಂಬತ್ತು ಸಾವಿರ ರೂಪಾಯಿಯ ಚಾರಣದ ಶೂ, ಪಾದಕ್ಕೆ ಅಂಟಿದ ಹಾಗೆ ಕೂತಿತ್ತು. ನಾಲ್ಕನೆಯ ದಿನ ಸಿರವಾರದ ಹತ್ತಿರ ಬಿಸಿಲಿಗೂ ಡಾಂಬರಿಗೂ ಪಾದ ಊದಿ, ಎರಡೂ ಹೆಬ್ಬೆರಳಿನ ಉಗುರು ಕಪ್ಪಾಯಿತು. ಆಗ ಆಯಿ ಹೇಳಿದರು: “ನಡೆಯುವವರ ಪಾದ ಬೆಳೆಯುತ್ತದೆ, ತಂಗಿ. ಅದಕ್ಕೆ ಜಾಗ ಬಿಟ್ಟು ಕೊಳ್ಳಬೇಕು.”

ಇದು ಹೋದ ವರ್ಷದ ಶ್ರೀಶೈಲ ಪಾದಯಾತ್ರೆಯ ಮಾತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಕಲಬುರಗಿ, ರಾಯಚೂರು ಕಡೆಯಿಂದ ಪ್ರತಿ ವರ್ಷ ಯುಗಾದಿಗೆ ಮೊದಲು ಜನ ಶ್ರೀಶೈಲದ ಮಲ್ಲಿಕಾರ್ಜುನನ, ಅಂದರೆ ನಮ್ಮ ಮಲ್ಲಯ್ಯನ, ಕಂಬಿ (ಹೆಗಲ ಮೇಲೆ ಹೊರುವ ಪೂಜೆಯ ಕೋಲು) ಹೊತ್ತು ನಡೆದು ಹೊರಡುತ್ತಾರೆ. ಅಲ್ಲಿನ ದೇವಿ ಭ್ರಮರಾಂಬೆ ನಮ್ಮ ಮನೆಯ ಮಗಳು, ಮಲ್ಲಯ್ಯ ಅಳಿಯ ಎಂಬುದು ನಮ್ಮ ಕಡೆಯ ನಂಬಿಕೆ. ಹಬ್ಬಕ್ಕೆ ಮಗಳಿಗೆ ತವರಿನ ಸೀರೆ, ಅರಿಶಿನ ಕುಂಕುಮ ಮುಟ್ಟಿಸಬೇಕು, ಅದಕ್ಕೇ ಈ ನಡಿಗೆ. ನಾವು ಹುನಗುಂದದಿಂದ ಹೊರಟವರು. ಲಿಂಗಸುಗೂರು, ಮಾನ್ವಿ, ಮಂತ್ರಾಲಯ, ಎಮ್ಮಿಗನೂರು, ಕರ್ನೂಲು, ಆತ್ಮಕೂರು, ಅಲ್ಲಿಂದ ನಲ್ಲಮಲ ಕಾಡು. 300 ಕಿಲೋಮೀಟರಿಗೂ ಮೀರಿದ ದಾರಿ, ಹದಿನಾಲ್ಕು ದಿನ. ನಮ್ಮ ತಂಡದ ಮೂವತ್ತೊಂದು ಜನರಲ್ಲಿ ಒಂಬತ್ತು ಮಂದಿ ಅರವತ್ತೈದು ದಾಟಿದವರು. ಆಯಿಗೆ 72, ಅದು ಅವರ ಹತ್ತೊಂಬತ್ತನೆಯ ಯಾತ್ರೆ.

ಹೊರಟ ದಿನವೇ ನಾನೊಂದು ತಪ್ಪು ಮಾಡಿದೆ. ಆಯಿ ನಡೆಯುತ್ತಿರುವುದನ್ನು ಹಿಂದಿನಿಂದ ಫೋಟೊ ತೆಗೆದು, “ಈ ವಯಸ್ಸಿನಲ್ಲೂ ಎಂಥ ಉತ್ಸಾಹ!” ಎಂದು ಬರೆದು ಇಲ್ಲಿ, ನನ್ನ ಪುಟದಲ್ಲಿ, ಹಾಕಿದೆ. ಅವರನ್ನು ಕೇಳಿರಲಿಲ್ಲ. ನಿಮ್ಮಲ್ಲಿ ನೂರಾರು ಜನ ಮೆಚ್ಚಿದಿರಿ, ಕೈ ಮುಗಿದಿರಿ. ಮೂರನೆಯ ದಿನ ಬೇರೊಂದು ತಂಡದ ಹುಡುಗನೊಬ್ಬ ಆಯಿಯ ಮುಖದ ಮುಂದೆಯೇ ಮೊಬೈಲ್ ಹಿಡಿದು ಹಿಂದಕ್ಕೆ ಹೆಜ್ಜೆ ಹಾಕುತ್ತ ವಿಡಿಯೊ ಮಾಡತೊಡಗಿದ. ಆಯಿ ಸೆರಗನ್ನು ಮುಖಕ್ಕೆ ಎಳೆದುಕೊಂಡು ರಸ್ತೆಯ ಅಂಚಿಗೆ ಸರಿದರು. ಆ ರಾತ್ರಿ ನನ್ನ ಫೋಟೊ ಅಳಿಸಿದೆ.

“ಈ ವಯಸ್ಸಿನಲ್ಲೂ” ಎನ್ನುವ ಮಾತಿನ ಮೇಲೆ ಅಂದಿನಿಂದ ನನಗೆ ಸಿಟ್ಟಿದೆ. ಹಿರಿಯರನ್ನು ಪವಾಡದ ಹಾಗೆ ನೋಡಿ ಕೈ ಮುಗಿದುಬಿಟ್ಟರೆ ಅವರಿಂದ ಏನನ್ನೂ ಕೇಳಿ ತಿಳಿಯುವ ಕೆಲಸ ಉಳಿಯುವುದಿಲ್ಲ. ಮಗ್ಗದ ಮುಂದೆ ಐವತ್ತು ವರ್ಷ ಕೂತ ನೇಕಾರನ ಬಳಿ ಹೋಗಿ “ಈ ವಯಸ್ಸಿನಲ್ಲೂ ನೇಯುತ್ತೀರಲ್ಲ” ಎಂದು ಯಾರೂ ಬೆರಗಾಗುವುದಿಲ್ಲ, ಕಸುಬು ಕೈಗೆ ಹತ್ತಿದೆ ಎನ್ನುತ್ತೇವೆ. ನಡಿಗೆಯೂ ಹಾಗೆಯೇ ಕಸುಬು. ಕುಮಾರಪರ್ವತ, ಕುದುರೆಮುಖ ಹತ್ತಿಳಿದ ನನಗೆ ನಡೆಯಲು ಬರುತ್ತದೆ ಎಂಬ ನಂಬಿಕೆಯಿತ್ತು. ಎರಡು ದಿನದ ಏರಿಗೂ ಹದಿನಾಲ್ಕು ದಿನದ ದಾರಿಗೂ ಸಂಬಂಧವೇ ಇಲ್ಲ ಎಂದು ಈ ಒಂಬತ್ತು ಮಂದಿಯ ಹಿಂದೆ ನಡೆದಾಗ ತಿಳಿಯಿತು.

ಬೆಳಗಿನ ಮೂರಕ್ಕೆ ಎದ್ದು ನಾಲ್ಕರೊಳಗೆ ದಾರಿ ಹಿಡಿಯುತ್ತಿದ್ದರು, ಒಂಬತ್ತೂವರೆಗೆ ನೆರಳು. ಹಸಿವಾಗುವ ಮೊದಲೇ ಅರ್ಧ ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಒಂದು ಚೂರು ಬೆಲ್ಲ. ದಾಸೋಹದ ಮಂಟಪಗಳಲ್ಲಿ ಮಾದಲಿ, ಅನ್ನ, ಸಾರು ಎಂದು ಕೈಹಿಡಿದು ಕೂರಿಸಿದರೂ ಅರ್ಧ ಹೊಟ್ಟೆಗೇ ಏಳುತ್ತಿದ್ದರು. ದಣಿಯುವ ಮೊದಲೇ ನಿಲ್ಲುತ್ತಿದ್ದರು, ಆದರೆ ನೆಲಕ್ಕೆ ಕೂರುತ್ತಿರಲಿಲ್ಲ. ಕೋಲಿನ ಮೇಲೆ ಭಾರ ಬಿಟ್ಟು ಹತ್ತು ಉಸಿರು ಎಳೆದುಕೊಂಡು ಮತ್ತೆ ಹೊರಡುತ್ತಿದ್ದರು. ಮೊದಲ ದಿನಗಳಲ್ಲಿ ನಾನು ಅವರಿಗಿಂತ ಒಂದು ಗಂಟೆ ಮುಂಚೆ ವಸ್ತಿ ತಲುಪುತ್ತಿದ್ದೆ. ಐದನೆಯ ದಿನದಿಂದ ಅವರೇ ನನಗಾಗಿ ಕಾಯುತ್ತಿದ್ದರು.

ಮಾನ್ವಿಯಲ್ಲಿ ನನ್ನ ಹಿಮ್ಮಡಿಯಲ್ಲಿ ರೂಪಾಯಿ ಅಗಲದ ನೀರುಗುಳ್ಳೆ ಎದ್ದಿತ್ತು. ಶಾಲೆಯ ಜಗುಲಿಯಲ್ಲಿ ಆಯಿ ನನ್ನ ಪಾದವನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಸೂಜಿಯನ್ನು ದೀಪದ ಕುಡಿಗೆ ಹಿಡಿದು ಕಾಯಿಸಿದರು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಬಿಳಿ ದಾರ ಪೋಣಿಸಿದರು. ಗುಳ್ಳೆಯ ಒಂದು ಅಂಚಿನಲ್ಲಿ ಚುಚ್ಚಿ ಇನ್ನೊಂದು ಅಂಚಿನಲ್ಲಿ ಹೊರಗೆಳೆದು, ಎರಡೂ ಕಡೆ ಬೆರಳಗಲ ಬಿಟ್ಟು ದಾರ ಕತ್ತರಿಸಿದರು. ದಾರ ಒಳಗೇ ಉಳಿಯಿತು. “ಚರ್ಮ ಕೀಳಬಾರದು. ನೀರು ದಾರ ಹಿಡಿದು ತಾನೇ ಹೊರಗೆ ಬರುತ್ತದೆ,” ಎಂದರು. ಬೆಳಗಾಗುವಷ್ಟರಲ್ಲಿ ಗುಳ್ಳೆ ಚಪ್ಪಟೆಯಾಗಿತ್ತು. ಕಾದ ಸೂಜಿ ಇದ್ದರೂ ನಂಜಾಗುವ ಭಯ ಇದ್ದೇ ಇರುತ್ತದೆ, ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಇದನ್ನು ಮಾಡಿಕೊಳ್ಳಬೇಡಿ. ಆದರೆ ಆ ಕೈಯ ನಿಧಾನ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಇಷ್ಟಾದ ಮೇಲೆ ಅವರು ಮಾಡಿದ್ದನ್ನೆಲ್ಲ ಮಾಡತೊಡಗಿದೆ. ಆಯಿ ನೀರು ಬಹಳ ಕಡಿಮೆ ಕುಡಿಯುತ್ತಿದ್ದರು. ಬಾಯಿ ಒದ್ದೆ ಮಾಡಿಕೊಳ್ಳುವಷ್ಟು, ಅಷ್ಟೇ. ಇದೂ ಹಳಬರ ಒಂದು ಶಿಸ್ತು ಎಂದು ನಂಬಿ ನಾನೂ ಕಡಿಮೆ ಮಾಡಿದೆ. ಎಮ್ಮಿಗನೂರಿಗೆ ಇನ್ನೂ ಎರಡು ಹರಿದಾರಿ ಇರುವಾಗ ಕಣ್ಣು ಕತ್ತಲಿಟ್ಟು ರಸ್ತೆ ಬದಿಯಲ್ಲಿ ಕುಸಿದೆ. ಬಿಸಿಲು ಆಗಲೇ 40 ಡಿಗ್ರಿಯ ಹತ್ತಿರ. ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ ಆಯಿ ಕಾರಣ ಕೇಳಿದರು. ಹೇಳಿದೆ. ಅವರ ಮುಖ ಸಪ್ಪಗಾಯಿತು.

“ಹುಚ್ಚಿ, ಅದು ಶಿಸ್ತಲ್ಲ ತಂಗಿ. ಬಯಲು ಸೀಮೆ, ಒಂದು ಪೊದೆ ಇಲ್ಲ. ಕುಡಿದರೆ ಮರೆಗೆ ಎಲ್ಲಿ ಹೋಗಲಿ? ನಿನ್ನ ಹಾಗೆ ಪೆಟ್ರೋಲ್ ಬಂಕಿನಲ್ಲಿ ಕೇಳಲು ನನಗೆ ನಾಚಿಕೆ.”

ನಾನೂ ಹೆಂಗಸು. ನನಗೇ ಹೊಳೆಯಬೇಕಿತ್ತು. ಅವರ ಪ್ರತಿಯೊಂದು ನಡೆಯಲ್ಲೂ ಹಿರಿಯರ ಜ್ಞಾನ ಕಾಣುವ ಉತ್ಸಾಹದಲ್ಲಿ ಕಣ್ಣೆದುರಿಗಿದ್ದ ಕಷ್ಟ ಕಾಣಲಿಲ್ಲ. ಹತ್ತೊಂಬತ್ತು ವರ್ಷ ಈ ಹೆಂಗಸು ಬಾಯಾರಿಕೊಂಡೇ ಶ್ರೀಶೈಲಕ್ಕೆ ನಡೆದಿದ್ದಾರೆ. ನಾವು ದಾರಿಯುದ್ದಕ್ಕೂ ಕಲ್ಲಂಗಡಿ, ಪಾನಕ, ಕಾಲಿಗೆ ಎಣ್ಣೆ ಹಚ್ಚುವ ಸೇವೆ, ಎಲ್ಲವನ್ನೂ ಭಕ್ತಿಯಿಂದ ಏರ್ಪಡಿಸುತ್ತೇವೆ. ನಾನು ಕಂಡ ಅಷ್ಟು ಮಂಟಪಗಳಲ್ಲಿ ಹೆಂಗಸರಿಗೆ ಮರೆ ಕಟ್ಟಿದ್ದು ಎರಡೇ ಎರಡು. ಇದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಕರ್ನೂಲಿನಲ್ಲಿ ತಂಡದ ಒಬ್ಬ ಹಿರಿಯರು ವಾಪಸಾದರು. 68 ವರ್ಷ, ಸಕ್ಕರೆ ಕಾಯಿಲೆ, ಪಾದದ ಗಾಯ ನೋಡಿದ ವೈದ್ಯರು ಇನ್ನು ನಡೆಯಬೇಡಿ ಎಂದರು. ಹತ್ತು ದಿನ ನಡೆದು, ಕಾಡು ಹತ್ತಿರ ಬಂದಿರುವಾಗ! ಅವರು ಹಟ ಮಾಡುತ್ತಾರೆ, ಅಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ತಮ್ಮ ಕೋಲನ್ನು ತಂಡದ ಹುಡುಗನ ಕೈಗೆ ಕೊಟ್ಟು, “ಮಲ್ಲಯ್ಯ ಎಲ್ಲಿಗೂ ಓಡಿಹೋಗುವುದಿಲ್ಲ. ಮುಂದಿನ ವರ್ಷ ಬರುತ್ತೇನೆ, ಇದನ್ನು ಕಾಪಾಡು,” ಎಂದು ಬಸ್ ಹತ್ತಿದರು.

ಆಗ ನನಗೆ ಅಮೆರಿಕದ ಎಮ್ಮಾ ಗೇಟ್‌ವುಡ್ ನೆನಪಾದರು. ಹನ್ನೊಂದು ಮಕ್ಕಳ ತಾಯಿ. ಹದಿನಾಲ್ಕು ರಾಜ್ಯಗಳನ್ನು ಹಾಯುವ, 3,000 ಕಿಲೋಮೀಟರಿಗೂ ಉದ್ದದ ಅಪಲಾಚಿಯನ್ ಬೆಟ್ಟದ ಹಾದಿಯನ್ನು 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ ಒಬ್ಬರೇ ಒಂದೇ ಋತುವಿನಲ್ಲಿ ನಡೆದು ಮುಗಿಸಿದರು. ಹಾಗೆ ನಡೆದ ಮೊದಲ ಹೆಂಗಸು ಅವರು. ಹೆಗಲಿಗೆ ಮನೆಯಲ್ಲೇ ಹೊಲಿದ ಚೀಲ, ಕಾಲಿಗೆ ಕ್ಯಾನ್ವಾಸ್ ಶೂ, ನಮ್ಮ ಆಯಿಯ ಹಾಗೆಯೇ. ಎಲ್ಲರೂ ಹೇಳುವುದು ಆ 1955ರ ಕಥೆಯನ್ನು. ನನಗೆ ಅದಕ್ಕಿಂತ ಹತ್ತಿರವಾದದ್ದು 1954. ಆ ವರ್ಷ ಅವರು ಉತ್ತರದ ತುದಿಯಿಂದ ಹೊರಟು, ಮೇನ್ ರಾಜ್ಯದ ಕಾಡಿನಲ್ಲಿ ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಮನೆಗೆ ಮರಳಿದ್ದರು. ಮರುವರ್ಷ ದಕ್ಷಿಣದ ತುದಿಯಿಂದ ಹೊಸದಾಗಿ ಹೊರಟರು. ನಲವತ್ತರ ಒಳಗಿನ ನಮಗೆ ಅರ್ಧದಲ್ಲಿ ನಿಲ್ಲುವುದೆಂದರೆ ಮಾನ ಹೋದಂತೆ. ಆ ಅಜ್ಜ ಬಸ್ಸಿನ ಕಿಟಕಿಯಿಂದ ಕೈ ಬೀಸಿದ ರೀತಿಯಲ್ಲಿ ಸೋಲಿನ ಸುಳಿವೇ ಇರಲಿಲ್ಲ.

ಆತ್ಮಕೂರು, ವೆಂಕಟಾಪುರ ದಾಟಿದ ಮೇಲೆ ನಮ್ಮ ಸಾಮಾನು ಹೊತ್ತ ಟೆಂಪೊ ದೋರ್ನಾಳದ ರಸ್ತೆ ಹಿಡಿದು ಸುತ್ತಿ ಬರುತ್ತದೆ, ನಡೆಯುವವರು ಹುಲಿ ಸಂರಕ್ಷಿತ ಕಾಡನ್ನು ಹೊಗುತ್ತಾರೆ. ನಾಗಲೂಟಿಯ ವೀರಭದ್ರನ ಗುಡಿ, ಅಲ್ಲಿಂದ ಹಳೆಯ ಕಲ್ಲಿನ ಮೆಟ್ಟಿಲು. ಪೆಚೆರುವಿನಲ್ಲಿ ರಾತ್ರಿ. ಮರುದಿನ ಭೀಮನಕೊಳ್ಳ. ಮೊದಲು ಕಣಿವೆಯ ತಳಕ್ಕೆ ಇಳಿಯಬೇಕು, ಮತ್ತೆ ಆಚೆ ದಂಡೆಗೆ ಏರಬೇಕು. ಮಂಡಿ ನೋವಿನವರಿಗೆ ಆ ಇಳಿತವೇ ಕಷ್ಟ. ಆಯಿ ಮೆಟ್ಟಿಲಿಗೆ ಅಡ್ಡಲಾಗಿ ತಿರುಗಿ, ಕೋಲನ್ನು ಒಂದು ಮೆಟ್ಟಿಲು ಕೆಳಗಿಟ್ಟು, ಬದಿಯಿಂದ ಒಂದೊಂದೇ ಪಾದ ಇಳಿಸಿದರು. ನಾನು ಅವರ ಹಿಂದೆ, ಹಾಗೆಯೇ ಅಡ್ಡಲಾಗಿ. ಉಕ್ಕಡಗಾತ್ರಿ ಕಡೆಯ ಒಬ್ಬ ಯುವಕ ನಮ್ಮಿಬ್ಬರನ್ನೂ ನೋಡುತ್ತ ಮೂರು ಮೆಟ್ಟಿಲು ನೆಟ್ಟಗೆ ಇಳಿದವನು, ನಾಲ್ಕನೆಯದಕ್ಕೆ ತಾನೂ ಅಡ್ಡ ತಿರುಗಿದ.

ಕೈಲಾಸ ದ್ವಾರ ದಾಟಿ ಶ್ರೀಶೈಲ ಸೇರಿದಾಗ ಮಧ್ಯಾಹ್ನ. ಆಯಿ ಚೀಲದ ತಳದಿಂದ ಹದಿನಾಲ್ಕು ದಿನ ಹೊತ್ತು ತಂದಿದ್ದ ಸೀರೆ ತೆಗೆದರು. ಉಳಿದ ಸಾಮಾನೆಲ್ಲ ಟೆಂಪೊದಲ್ಲಿ ಬಂದಿತ್ತು, ಅದೊಂದನ್ನು ಮಾತ್ರ ಯಾರ ಕೈಗೂ ಕೊಟ್ಟಿರಲಿಲ್ಲ. ಮಡಿಕೆಗಳನ್ನು ಅಂಗೈಯಿಂದ ತೀಡಿ ಸರಿಮಾಡಿ, “ಮಗಳ ಮನೆಗೆ ಸುಕ್ಕಾದ ಸೀರೆ ಒಯ್ಯಬಾರದು,” ಎಂದು ಸಾಲಿನಲ್ಲಿ ನಿಂತರು.

ಈ ವರ್ಷ ಮತ್ತೆ ಹೊರಡುತ್ತಿದ್ದೇನೆ. ಒಂದು ಅಳತೆ ದೊಡ್ಡ ಶೂ ಕೊಂಡಾಯಿತು. ಜೊತೆಗೆ ಗೆಳತಿಯರು ಹಣ ಕೂಡಿಸಿ ತಂಡದ ಟೆಂಪೊಗೆ ಬಿಚ್ಚಿ ಕಟ್ಟಬಹುದಾದ ಎರಡು ಶೌಚದ ಗುಡಾರ ಮಾಡಿಸುತ್ತಿದ್ದೇವೆ. ಕಬ್ಬಿಣದ ಚೌಕಟ್ಟು, ದಪ್ಪ ತಾಡಪಾಲು, ನೀರಿನ ಡ್ರಮ್ಮು. ಬೆಳಿಗ್ಗೆ ಹತ್ತು ಕಿಲೋಮೀಟರಿಗೊಂದು ಕಡೆ ಮುಂದೆ ಹೋಗಿ ಕಟ್ಟುವ ಜವಾಬ್ದಾರಿಯನ್ನು ತಂಡದ ಇಬ್ಬರು ಹುಡುಗರು ಹೊತ್ತಿದ್ದಾರೆ. ನೀವು ದಾರಿಯಲ್ಲಿ ದಾಸೋಹ ನಡೆಸುವವರಾದರೆ ನಿಮ್ಮ ಮಂಟಪದ ಹಿಂದೆಯೂ ಇಂಥದ್ದೊಂದು ಕಟ್ಟಿಸಿ, ದಯವಿಟ್ಟು. ಅಳತೆ, ಖರ್ಚಿನ ವಿವರ ಬೇಕಾದವರಿಗೆ ಕಳಿಸುತ್ತೇನೆ.

ಮೊನ್ನೆ ಆಯಿಗೆ ಫೋನ್ ಮಾಡಿ ಗುಡಾರದ ಸುದ್ದಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: “ಒಳಗಿನಿಂದ ಚಿಲಕ ಇರುತ್ತದೆಯಲ್ಲವೇ, ತಂಗಿ?”

ಚಿಲಕ ಇಟ್ಟಿರಲಿಲ್ಲ. ನಾಳೆ ಬೆಸುಗೆಯವನ ಅಂಗಡಿಗೆ ಹೋಗುತ್ತಿದ್ದೇನೆ.