ಬಿಪಿ ಮತ್ತು ವಾಲ್ರಸ್

ನಮ್ಮ ಕಡೆ ಬಿಪಿ ಅಂದರೆ ಕಾಯಿಲೆ. ನಲವತ್ತು ದಾಟಿದ ಮೇಲೆ ಬರುತ್ತದೆ, ಬಂದರೆ ಹೋಗುವುದಿಲ್ಲ, ಉಪ್ಪಿನಕಾಯಿ ಭರಣಿ ಅಟ್ಟ ಹತ್ತುತ್ತದೆ. ಲಂಡನ್ನಿನ ಬಿಪಿ ಬೇರೆ. ಅದು ಎಣ್ಣೆ ಕಂಪನಿ, ಹಳೆಯ ಹೆಸರು ಬ್ರಿಟಿಷ್ ಪೆಟ್ರೋಲಿಯಂ. 2000ದಲ್ಲಿ ಅದು ಗುರಾಣಿಯಂಥ ತನ್ನ ಲಾಂಛನ ಕಿತ್ತು, ಹಸಿರು ಹಳದಿಯ ಸೂರ್ಯಕಾಂತಿಯಂಥದ್ದನ್ನು ಅಂಟಿಸಿಕೊಂಡು, ಬಿಪಿ ಅಂದರೆ ಇನ್ನು ಮುಂದೆ ‘ಬಿಯಾಂಡ್ ಪೆಟ್ರೋಲಿಯಂ’ ಅಂತ ಸಾರಿತು. ಪೆಟ್ರೋಲಿನಾಚೆ! ಅದೇ ವರ್ಷ ಕ್ಯಾಸ್ಟ್ರಾಲ್ ಕಂಪನಿಯನ್ನೂ ಕೊಂಡಿತು. ದೂರದ ಪ್ರಯಾಣ ನೋಡಿ, ದಾರಿಗಿರಲಿ ಅಂತ ಎಂಜಿನ್ ಆಯಿಲ್ ಕಟ್ಟಿಕೊಂಡಿತು. ಆ ಡಬ್ಬಿ ಖಾಲಿಯಾದ ಮೇಲೆ ನಮ್ಮ ಬೀದಿಯ ಮೆಕ್ಯಾನಿಕ್ ಅದರ ಹೊಟ್ಟೆ ಕೊಯ್ದು ನಟ್ಟು ಬೋಲ್ಟು ತುಂಬಿಡುತ್ತಾನೆ. ಹತ್ತು ವರ್ಷದಿಂದ ಮರುಬಳಕೆ ಮಾಡುತ್ತಿದ್ದಾನೆ ಪಾಪ, ಒಂದು ವರದಿಯನ್ನೂ ಬರೆಸಿಲ್ಲ.

ದೊಡ್ಡ ಕಂಪನಿ ಹಾಗಲ್ಲ. ಅಲ್ಲಿ ಮೊದಲು ಕಾಗದ. ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆ ಸೋರಿದರೆ ಏನು ಮಾಡಬೇಕು ಅಂತ ಬಿಪಿ ಒಂದು ಪ್ಲಾನ್ ಬರೆದಿಟ್ಟಿತ್ತು. 582 ಪುಟ. 2009ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆಯನ್ನೂ ಕೊಟ್ಟಿತು. ಅಪಾಯಕ್ಕೆ ಸಿಲುಕಬಹುದಾದ ಜೀವಿಗಳ ಪಟ್ಟಿಯಲ್ಲಿ ವಾಲ್ರಸ್, ಸೀಲ್, ಕಡಲ ನೀರುನಾಯಿ, ಕಡಲಸಿಂಹ ಇದ್ದವು. ವಾಲ್ರಸ್ ಅಂದರೆ ಗೊತ್ತಲ್ಲ, ಉತ್ತರ ಧ್ರುವದ ಹಿಮಗಡ್ಡೆಯ ಮೇಲೆ ದಂತ ಊರಿಕೊಂಡು ಮಲಗುವ ಪ್ರಾಣಿ. ಮೆಕ್ಸಿಕೋ ಕೊಲ್ಲಿಯ ಬೆಚ್ಚನೆ ನೀರಿನಲ್ಲಿ ಅದಕ್ಕೇನು ಕೆಲಸ? ಆಪತ್ತಿಗೆ ಕರೆಯಬೇಕಾದ ವನ್ಯಜೀವಿ ತಜ್ಞರೊಬ್ಬರ ಹೆಸರೂ ಫೋನ್ ನಂಬರೂ ಇದ್ದವು. ಅವರು 2005ರಲ್ಲೇ ತೀರಿಕೊಂಡಿದ್ದರು. ಸಲಕರಣೆ ಒದಗಿಸುವವರದೆಂದು ಕೊಟ್ಟಿದ್ದ ವೆಬ್ ವಿಳಾಸ ಒತ್ತಿದರೆ ಜಪಾನಿನ ಶಾಪಿಂಗ್ ತಾಣ ತೆರೆದುಕೊಳ್ಳುತ್ತಿತ್ತು.

ನನಗಂತೂ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ನಮ್ಮ ಸೈಟಿನ ಕ್ರಯಪತ್ರ ಬರೆಸಿದಾಗ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಕೆರೆ ಏರಿ’ ಅಂತ ಬಂದಿತ್ತು. ಪೂರ್ವಕ್ಕೆ ಇರುವುದು ಕಲ್ಯಾಣ ಮಂಟಪ. ಬರೆದವರನ್ನು ಕೇಳಿದರೆ, ‘ಹಿಂದಿನ ಪಾರ್ಟಿದು ಸಾರ್, ಕಂಪ್ಯೂಟರಲ್ಲಿ ಹಂಗೇ ಉಳ್ಕಂಡಿದೆ’ ಅಂದರು. ಬಿಪಿಯದ್ದೂ ಅದೇ ಕಥೆ ಇರಬೇಕು. ಹಿಂದಿನ ಪಾರ್ಟಿ ಅಲಾಸ್ಕಾ.

2010ರ ಜೂನ್ 15ರಂದು ಐದು ಎಣ್ಣೆ ಕಂಪನಿಗಳ ದೊಡ್ಡವರನ್ನು ಅಮೆರಿಕದ ಸಂಸತ್ ಸಮಿತಿ ಕರೆದು ಕೂರಿಸಿದಾಗ ಇನ್ನೊಂದು ಗುಟ್ಟು ಬಯಲಾಯಿತು: ಬಿಪಿ ಬಿಟ್ಟರೆ ಇನ್ನೂ ಮೂವರ ಪ್ಲಾನಿನಲ್ಲಿ ಅದೇ ವಾಲ್ರಸ್. ಪರೀಕ್ಷೆಯಲ್ಲಿ ಪಕ್ಕದವನ ತಪ್ಪನ್ನೂ ಸೇರಿಸಿ ಕಾಪಿ ಹೊಡೆದರೆ ಮೇಷ್ಟ್ರಿಗೆ ಸಿಕ್ಕಿಬೀಳುತ್ತೇವೆ ಅನ್ನುವಷ್ಟು ತಿಳಿವಳಿಕೆ ನಮ್ಮ ಏಳನೇ ಕ್ಲಾಸಿನ ಕೊನೇ ಬೆಂಚಿಗಿತ್ತು. ವಾಲ್ರಸ್ ವಿಷಯ ಮುಜುಗರದ್ದು ಅಂತ ಎಕ್ಸಾನ್ ಕಂಪನಿಯ ಆಗಿನ ಮುಖ್ಯಸ್ಥ ರೆಕ್ಸ್ ಟಿಲ್ಲರ್‌ಸನ್ ಒಪ್ಪಿಕೊಂಡರು. ಆದರೆ ತಜ್ಞರ ಬಗ್ಗೆ, ಅವರು ಹೋದರೂ ಅವರ ಕೆಲಸಕ್ಕೆ ಸಾವಿಲ್ಲ ಅನ್ನುವ ಅರ್ಥದ ಮಾತಾಡಿದರು. ತಿಥಿಯೂಟಕ್ಕೆ ಒಪ್ಪುವ ಮಾತು. ಫೋನ್ ಎತ್ತುವವರು ಯಾರು ಅಂತ ಮಾತ್ರ ತಿಳಿಯಲಿಲ್ಲ.

ಈ ವಿಚಾರಣೆ ನಡೆಯುವ ಹೊತ್ತಿಗೆ ಕಡಲ ತಳದಿಂದ ಎಣ್ಣೆ ಉಕ್ಕತೊಡಗಿ ಎರಡು ತಿಂಗಳಾಗುತ್ತ ಬಂದಿತ್ತು. ಏಪ್ರಿಲ್ 20ರ ರಾತ್ರಿ ಬಿಪಿಯ ಮಾಕೊಂಡೊ ಬಾವಿ ಸಿಡಿದು, ಅದನ್ನು ಕೊರೆಯುತ್ತಿದ್ದ ತೇಲುವ ಕಟ್ಟೆ ‘ಡೀಪ್‌ವಾಟರ್ ಹೊರೈಜನ್’ ರಿಗ್ ಹೊತ್ತಿ ಉರಿದು, 11 ಜನ ಸತ್ತರು. ಅದೇ ದಿನ ಬಿಪಿಯ ಮತ್ತು ರಿಗ್ಗಿನ ಒಡೆಯ ಟ್ರಾನ್ಸೋಷನ್ ಕಂಪನಿಯ ದೊಡ್ಡ ಅಧಿಕಾರಿಗಳು ರಿಗ್ಗಿನ ಮೇಲೇ ಇದ್ದರು. ಬಂದ ಕಾರಣಗಳಲ್ಲೊಂದು: ಏಳು ವರ್ಷ ಕೆಲಸ ತಪ್ಪಿಸುವಂಥ ಒಂದು ಅಪಘಾತವೂ ಆಗಿಲ್ಲವೆಂದು ಅಲ್ಲಿನವರ ಬೆನ್ನು ತಟ್ಟುವುದು. ಇದನ್ನು ನಾನು ಕಟ್ಟಿ ಬರೆದಿದ್ದರೆ ಸಂಪಾದಕರು ‘ಸ್ವಲ್ಪ ಅತಿಯಾಯ್ತು’ ಅಂತ ಹೊಡೆದುಹಾಕುತ್ತಿದ್ದರು.

ಸೋರಿದ್ದು 87 ದಿನ. ಸರ್ಕಾರದ ಅಂದಾಜಿನಲ್ಲಿ 49 ಲಕ್ಷ ಬ್ಯಾರೆಲ್. ಕಡಲು ದೊಡ್ಡದು, ಅದರ ಮುಂದೆ ಸೋರಿದ್ದು ಚೂರು ಅಂತ ಬಿಪಿಯ ಆಗಿನ ಮುಖ್ಯಸ್ಥ ಟೋನಿ ಹೇವರ್ಡ್ ಲೆಕ್ಕ ಒಪ್ಪಿಸಿದರು. ಆಮೇಲೆ, ಇದು ಮುಗಿದರೆ ಸಾಕು, ನನ್ನ ಬದುಕು ನನಗೆ ವಾಪಸ್ ಬೇಕು ಅಂತಲೂ ಅಂದರು. ಸತ್ತವರ ಮನೆಯವರು ಆ ಮಾತು ಕೇಳಿಸಿಕೊಂಡಿರಬೇಕು. ಜೂನ್‌ನಲ್ಲಿ ಇಂಗ್ಲೆಂಡಿನ ದಡದಾಚೆ ವಿಹಾರನೌಕೆಗಳ ಪಂದ್ಯಕ್ಕೂ ಹೋಗಿಬಂದರು. ಆ ನೀರು ಸ್ವಚ್ಛವಾಗಿತ್ತು. ಇತ್ತ ಲೂಯಿಸಿಯಾನಾದ ದಡದಲ್ಲಿ ಪೆಲಿಕನ್‌ಗಳು ಕಂದು ಜಿಡ್ಡಿನಲ್ಲಿ ಅದ್ದಿದ ಹಾಗೆ ರೆಕ್ಕೆ ಬಿಚ್ಚಲಾಗದೆ ನಿಂತಿದ್ದವು. ಒಂದೇ ಒಂದು ವಾಲ್ರಸ್ಸಿನ ಮೈಗೂ ಎಣ್ಣೆ ತಾಗಲಿಲ್ಲ. ಆ ಮಟ್ಟಿಗೆ ಪ್ಲಾನ್ ನೂರಕ್ಕೆ ನೂರು ಫಲಿಸಿತು.

ದಂಡ, ಪರಿಹಾರ, ತೊಳೆಯುವ ಖರ್ಚು ಎಲ್ಲ ಸೇರಿ 65 ಶತಕೋಟಿ ಡಾಲರ್ ದಾಟಿತು. ಇಷ್ಟಾದ ಮೇಲಾದರೂ ಬುದ್ಧಿ ಬಂತೇ? ಬಂತು, 2020ರಲ್ಲಿ. 2030ರೊಳಗೆ ಎಣ್ಣೆ ಮತ್ತು ಅನಿಲದ ಉತ್ಪಾದನೆಯನ್ನು ಶೇ 40ರಷ್ಟು ಇಳಿಸುತ್ತೇವೆ ಅಂದರು. 2022ರಲ್ಲಿ ಸುಮಾರು 28 ಶತಕೋಟಿ ಡಾಲರ್ ಲಾಭ ಬಂತು. 2023ರ ಫೆಬ್ರುವರಿಯಲ್ಲಿ ಶೇ 40 ಹೋಗಿ ಶೇ 25 ಆಯಿತು. ಬಿಪಿಯ ಗುಣವೇ ಅದು, ಬೆಳಗ್ಗೆ ನೋಡಿದಷ್ಟು ಸಂಜೆ ಇರುವುದಿಲ್ಲ.

ಇದರ ನಡುವೆ ನಮ್ಮನ್ನೂ ಮರೆತಿರಲಿಲ್ಲ ಅನ್ನಿ. ‘ಕಾರ್ಬನ್ ಹೆಜ್ಜೆಗುರುತು’, ಅಂದರೆ ಒಬ್ಬೊಬ್ಬರ ಬದುಕು ಗಾಳಿಗೆ ಸೇರಿಸುವ ಇಂಗಾಲದ ಲೆಕ್ಕ, ಅನ್ನುವ ಮಾತನ್ನು ಜಾಹೀರಾತು ಕೊಟ್ಟು ಮನೆಮನೆಗೆ ಮುಟ್ಟಿಸಿದವರಲ್ಲಿ ಇದೇ ಬಿಪಿ ಮುಂದಿತ್ತು. 2004ರಲ್ಲಿ ನಿಮ್ಮ ಹೆಜ್ಜೆ ನೀವೇ ಅಳೆದುಕೊಳ್ಳಿ ಅಂತ ಒಂದು ಕ್ಯಾಲ್ಕುಲೇಟರನ್ನೂ ಬಿಟ್ಟಿತು. ನಾನೂ ಅಂಥದ್ದೊಂದರಲ್ಲಿ ನಮ್ಮನೆ ಸಿಲಿಂಡರ್, ಸ್ಕೂಟರ್, ವರ್ಷಕ್ಕೊಮ್ಮೆ ಧರ್ಮಸ್ಥಳದ ಬಸ್ಸು ಎಲ್ಲ ತುಂಬಿ ನೋಡಿದೆ. ಇನ್ನೂ ಸುಧಾರಿಸಿಕೊಳ್ಳಬಹುದು ಅಂತ ಬಂತು. ಮನೆಯವಳಿಗೆ ಹೇಳಿದೆ, ಕುಕ್ಕರ್ ಒಂದು ಸೀಟಿ ಕಮ್ಮಿ ಕೂಗಿಸು ಅಂತ. ಅವತ್ತು ಬೇಳೆ ಬೇಯಲಿಲ್ಲ.

2025ರ ಫೆಬ್ರುವರಿಯಲ್ಲಿ ಶೇ 25ರ ಮಾತೂ ಮುಗಿಯಿತು. ಎಣ್ಣೆ, ಅನಿಲಕ್ಕೆ ವರ್ಷಕ್ಕೆ ಸುಮಾರು 10 ಶತಕೋಟಿ ಡಾಲರ್, ಹಸಿರು ಇಂಧನದ ಬಾಬ್ತಿಗೆ ಕತ್ತರಿ. ಇದಕ್ಕೆ ಕಂಪನಿ ಇಟ್ಟ ಹೆಸರು ‘ರೀಸೆಟ್’. ಆ ಪದ ನಮ್ಮ ಅಡುಗೆಮನೆಗೆ ಹೊಸದಲ್ಲ. ತೆಂಗಿನಕಾಯಿ ಜಾಸ್ತಿ ತುಂಬಿ ಮಿಕ್ಸಿ ಗಕ್ಕನೆ ನಿಂತು ಸುಟ್ಟ ವಾಸನೆ ಬಂದಾಗ, ಅದನ್ನು ಮಗುಚಿ ತಳದ ಕೆಂಪು ಗುಂಡಿ ಒತ್ತುತ್ತೇವೆ. ಒಳಗಿರುವ ಕಾಯಿ ಅದೇ, ಅಷ್ಟೇ. ಮತ್ತೆ ರುಬ್ಬತೊಡಗುತ್ತದೆ.